ಧ್ವನಿಮುದ್ರಿಕೆ ಮತ್ತು ಅದರ ವಿಮರ್ಶೆ: ಕ್ಯಾಲಿಫೋರ್ನಿಯದ ಒಂದು ಪ್ರಸಂಗ, ಶಿಶುನಾಳದ ಎರಡು ಪದಗಳು

ಗ್ರಂಥವಿಮರ್ಶೆಯ ಚರಿತ್ರೆಯನ್ನು ಬರೆಯುವುದಕ್ಕೆ ನಮ್ಮಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಒಂದು ಕಾವ್ಯವು ಎಂದು ಹೊರಬಂದಿತು, ಅದನ್ನು ಯಾರು ಮೆಚ್ಚಿದರು, ಯಾರು ಆಕ್ಷೇಪಿಸಿದರು, ಮುಂದಿನ ತಲೆಮಾರಿನವರು ಅದನ್ನು ಹೇಗೆ ಕಂಡರು ಎಂಬುದನ್ನು ಪತ್ರಿಕೆಗಳಿಂದಲೂ ಮುನ್ನುಡಿಗಳಿಂದಲೂ ತಿಳಿಯಬಹುದು. ಹಾಡಿನ ವಿಷಯ ಹಾಗಲ್ಲ. ಅದು ಬಾಯಲ್ಲಿ ಹುಟ್ಟಿ ಕಿವಿಯಲ್ಲಿ ಅಡಗುವಂಥದು; ಕೇಳಿದವರು ತಲೆದೂಗಿದರೋ ಎದ್ದುಹೋದರೋ ಎಂಬುದಕ್ಕೆ ಬರಹದ ಸಾಕ್ಷ್ಯ ಉಳಿಯುವುದು ಅಪರೂಪ. ಧ್ವನಿಮುದ್ರಣದ ಯಂತ್ರವು ಬಂದ ಮೇಲೆ ಈ ಸ್ಥಿತಿ ಒಂದಿಷ್ಟು ಬದಲಾಯಿತು. ಹಾಡು ಒಂದು ವಸ್ತುವಾಯಿತು. ಅದಕ್ಕೆ ಬೆಲೆ, ದಿನಾಂಕ, ಪ್ರಕಾಶಕ, ಹೊದಿಕೆಯ ಚಿತ್ರ ಇವೆಲ್ಲ ಒದಗಿದುವು. ಅವುಗಳ ಬೆನ್ನಿಗೆ ವಿಮರ್ಶಕನೂ ಬಂದನು.

ಈ ವಿಮರ್ಶಕನು ಏನನ್ನು ಕೇಳಿ ತೀರ್ಪು ಕೊಡುತ್ತಾನೆ ಎಂಬ ಪ್ರಶ್ನೆಯನ್ನು ಎರಡು ಪ್ರಸಂಗಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯದು ೧೯೮೧ರಲ್ಲಿ ಅಮೆರಿಕದ ಒಂದು ಹಾರ್ಡ್‌ಕೋರ್ ಪಂಕ್ ವಾದ್ಯತಂಡವು ಹೊರತಂದ ಮುದ್ರಿಕೆ. ಎರಡನೆಯದು ೨೦೦೮ರಲ್ಲಿ ಬೆಂಗಳೂರಿನ ಒಂದು ವಾದ್ಯತಂಡವು ಹೊರತಂದ, ಶಿಶುನಾಳ ಶರೀಫರ ಎರಡು ಪದಗಳನ್ನೊಳಗೊಂಡ ಮುದ್ರಿಕೆ. ಒಂದನ್ನು ಮಾರಬೇಕಾದವರೇ ತಳ್ಳಿಹಾಕಿದರು; ಇನ್ನೊಂದನ್ನು ಪತ್ರಿಕೆಗಳು ಕೈನೀಡಿ ಬರಮಾಡಿಕೊಂಡವು. ಹೊರನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಪ್ರಸಂಗಗಳು. ಆದರೆ ತಿರಸ್ಕಾರವೂ ಮೆಚ್ಚಿಕೆಯೂ ಒಂದೇ ಬಗೆಯ ಅರೆಗಿವಿಯಿಂದ ಹುಟ್ಟಬಹುದೆಂಬುದನ್ನು ತೋರಿಸುವುದಕ್ಕಾಗಿಯೇ ಅವನ್ನು ಇಲ್ಲಿ ಜೊತೆಯಾಗಿ ತೆಗೆದುಕೊಂಡಿದೆ.

೧

ಪಂಕ್ ಎಂಬುದು ೧೯೭೦ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ತಲೆಯೆತ್ತಿದ ಸಂಗೀತ. ಆ ವೇಳೆಗೆ ಪಾಶ್ಚಾತ್ಯ ರಾಕ್ ಸಂಗೀತವು ದೊಡ್ಡ ವೇದಿಕೆ, ದುಬಾರಿ ವಾದ್ಯ, ದೀರ್ಘವಾದ ವಾದನ ಇವುಗಳಿಂದ ಶ್ರೀಮಂತರ ವಿಲಾಸವಾಗಿ ಬೆಳೆದಿದ್ದಿತು. ಎರಡು ಮೂರು ಸ್ವರಮೇಳಗಳನ್ನು ಬಲ್ಲ ಯಾವ ಹುಡುಗನಾದರೂ ತನ್ನ ಮಾತನ್ನು ತಾನೇ ಹಾಡಬಹುದೆಂದು ತೋರಿಸಿದುದು ಪಂಕ್‌ನ ಸಾಧನೆ. ದಶಕದ ಕೊನೆಗೆ ಅಮೆರಿಕದ ತರುಣರು ಅದನ್ನು ಇನ್ನೂ ವೇಗಗೊಳಿಸಿದರು, ಇನ್ನೂ ಚಿಕ್ಕದು ಮಾಡಿದರು. ಹಾಡುವಿಕೆ ಕೂಗಿಗೆ ಸಮೀಪವಾಯಿತು. ಇದಕ್ಕೆ ಹಾರ್ಡ್‌ಕೋರ್ ಎಂಬ ಹೆಸರು ಬಂದಿತು. ಎರಡು ನಿಮಿಷದೊಳಗೆ ಮುಗಿಯುವ ಹಾಡುಗಳು ಅದರಲ್ಲಿ ಸಾಮಾನ್ಯ.

ಈ ಪಂಥದ ಪ್ರಮುಖ ತಂಡಗಳಲ್ಲಿ ಒಂದಾದ ‘ಬ್ಲ್ಯಾಕ್ ಫ್ಲ್ಯಾಗ್’ ೧೯೭೬ರಲ್ಲಿ ಕ್ಯಾಲಿಫೋರ್ನಿಯದ ಹರ್ಮೋಸಾ ಬೀಚ್ ಎಂಬ ಕಡಲತಡಿಯ ಊರಿನಲ್ಲಿ ಹುಟ್ಟಿತು. ಅದರ ಗಿಟಾರ್ ವಾದಕ ಗ್ರೆಗ್ ಗಿನ್ ‘ಎಸ್.ಎಸ್.ಟಿ.’ ಎಂಬ ತನ್ನದೇ ಮುದ್ರಣಸಂಸ್ಥೆಯನ್ನು ಕಟ್ಟಿಕೊಂಡಿದ್ದನು. ೧೯೮೧ರಲ್ಲಿ ಹೆನ್ರಿ ರಾಲಿನ್ಸ್ ಎಂಬ ತರುಣನು ಗಾಯಕನಾಗಿ ಬಂದು ಸೇರಿದ ಮೇಲೆ ತಂಡದ ಮೊದಲ ಪೂರ್ಣ ಪ್ರಮಾಣದ ಸ್ಟುಡಿಯೋ ಮುದ್ರಿಕೆ ಸಿದ್ಧವಾಯಿತು. ಅದರ ಹೆಸರು ‘ಡ್ಯಾಮೇಜ್ಡ್’. ಹಾನಿಗೊಳಗಾದದ್ದು ಎಂದು ಅರ್ಥ. ಹದಿನೈದು ಹಾಡುಗಳು, ಒಟ್ಟು ಸುಮಾರು ೩೫ ನಿಮಿಷ.

ಮುದ್ರಿಕೆಯನ್ನು ‘ಯೂನಿಕಾರ್ನ್’ ಎಂಬ ಸಂಸ್ಥೆಯ ಮೂಲಕ ಎಂ.ಸಿ.ಎ. ಎಂಬ ದೊಡ್ಡ ಕಂಪನಿಯು ಅಂಗಡಿಗಳಿಗೆ ಹಂಚಬೇಕೆಂದು ಗೊತ್ತಾಗಿತ್ತು. ಆ ಕಂಪನಿಯ ಅಧಿಕಾರಿ ಆಲ್ ಬರ್ಗಾಮೊ ಅದನ್ನು ಕೇಳಿ, ಇದು ತಂದೆತಾಯಿಯರಿಗೆ ವಿರೋಧವಾದ ಮುದ್ರಿಕೆಯೆಂದು ಹೇಳಿ ಹಂಚಲು ನಿರಾಕರಿಸಿದನು. ತಂಡದವರು ಎದೆಗುಂದಲಿಲ್ಲ. ಅವನ ಆ ಮಾತನ್ನೇ ಚೀಟಿಯಾಗಿ ಅಚ್ಚು ಮಾಡಿಸಿ ಹೊದಿಕೆಗಳಿಗೆ ಅಂಟಿಸಿ ಮಾರಿದರು. ನಿಂದೆಯೇ ಜಾಹೀರಾತಾಯಿತು. ಮುಂದೆ ಯೂನಿಕಾರ್ನ್ ಸಂಸ್ಥೆಗೂ ತಂಡಕ್ಕೂ ವ್ಯಾಜ್ಯ ಬೆಳೆದು, ತಂಡವು ತನ್ನ ಹೆಸರನ್ನು ಬಳಸದಂತೆ ನ್ಯಾಯಾಲಯವು ತಡೆಯಾಜ್ಞೆ ವಿಧಿಸಿತು. ೧೯೮೩ರಲ್ಲಿ ಹಳೆಯ ಹಾಡುಗಳ ಸಂಕಲನವೊಂದು ಹೊದಿಕೆಯ ಮೇಲೆ ತಂಡದ ಹೆಸರಿಲ್ಲದೆ ಹೊರಬಂದಿತು. ಆದರೂ ಆಜ್ಞೆಯನ್ನು ಮೀರಿದರೆಂದು ಗಿನ್ ಹಾಗೂ ಅವನ ಜೊತೆಗಾರ ಚಕ್ ಡುಕೌಸ್ಕಿ ಕೆಲವು ದಿನ ಸೆರೆಮನೆಯಲ್ಲಿರಬೇಕಾಯಿತು. ಅದೇ ವರ್ಷ ಯೂನಿಕಾರ್ನ್ ದಿವಾಳಿಯಾಯಿತು. ತಂಡವೂ ೧೯೮೬ರಲ್ಲಿ ಚದುರಿತು. ಆದರೆ ಆ ಮುದ್ರಿಕೆಯ ಕೀರ್ತಿ ಏರುತ್ತಲೇ ಹೋಗಿ, ‘ರೋಲಿಂಗ್ ಸ್ಟೋನ್’ ಪತ್ರಿಕೆಯು ೨೦೦೩ರಲ್ಲಿ ಪ್ರಕಟಿಸಿದ ಸಾರ್ವಕಾಲಿಕ ಶ್ರೇಷ್ಠ ೫೦೦ ಮುದ್ರಿಕೆಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆಯಿತು.

ಈ ಪ್ರಸಂಗದಲ್ಲಿ ಚರಿತ್ರೆಯ ವಿದ್ಯಾರ್ಥಿಯು ಗಮನಿಸಬೇಕಾದ ಅಂಶಗಳು ಎರಡು. ಒಂದನೆಯದು, ವಿಮರ್ಶೆಯ ವೇಷದಲ್ಲಿ ಬರುವುದೆಲ್ಲ ವಿಮರ್ಶೆಯಲ್ಲ. ಯೂನಿಕಾರ್ನ್ ಸಂಸ್ಥೆಯು ಸಾಲದಲ್ಲಿ ಮುಳುಗಿದ್ದುದರಿಂದ ಅದರ ಸಂಬಂಧವನ್ನು ಕಡಿದುಕೊಳ್ಳಲು ದೊಡ್ಡ ಕಂಪನಿಯು ನೀತಿಯ ಮಾತನ್ನು ನೆವ ಮಾಡಿಕೊಂಡಿತೆಂದು ಎಸ್.ಎಸ್.ಟಿ. ಸಂಸ್ಥೆಯಲ್ಲಿದ್ದ ಜೋ ಕಾರ್ಡುಚ್ಚಿ ಆಮೇಲೆ ಹೇಳಿದ್ದಾನೆ. ಎರಡನೆಯದು, ಆ ಅಧಿಕಾರಿಯು ಹಾಡಿನ ಮೇಲ್ಮೈಯನ್ನೇ ಹಾಡೆಂದು ತಿಳಿದನು. ‘ಸಿಕ್ಸ್ ಪ್ಯಾಕ್’ ಎಂಬ ಹಾಡು ಬಿಯರಿನ ಆರು ಡಬ್ಬಿಗಳೇ ತನ್ನ ಬಾಳೆಂದು ತಿಳಿದ ಕುಡುಕನ ಬಾಯಲ್ಲಿ ಇರುವಂಥದು, ‘ಟಿ.ವಿ. ಪಾರ್ಟಿ’ ಎಂಬುದು ದೂರದರ್ಶನದ ಮುಂದೆ ಕುಳಿತೇ ಕೊಳೆಯುವವರ ಬಾಯಲ್ಲಿ ಇರುವಂಥದು. ಎರಡೂ ಆ ಜೀವನವನ್ನು ಹೊಗಳುವಂತೆ ಹಾಡಿ ಗೇಲಿ ಮಾಡುತ್ತವೆ. ಹೊದಿಕೆಯ ಚಿತ್ರದ ಕಥೆಯೂ ಹೀಗೆಯೇ. ರಾಲಿನ್ಸ್ ಕನ್ನಡಿಗೆ ಗುದ್ದಿ ಕೈಯಿಂದ ರಕ್ತ ಸುರಿಸುತ್ತಿರುವಂತೆ ಅದರಲ್ಲಿ ಕಾಣುತ್ತದೆ. ನಿಜವಾಗಿ ಕನ್ನಡಿಯನ್ನು ಮೊದಲೇ ಒಡೆದಿಡಲಾಗಿತ್ತು. ರಕ್ತವೆಂದು ಕಾಣುವುದು ಕೆಂಪು ಶಾಯಿ ಮತ್ತು ಕಾಫಿಯ ಮಿಶ್ರಣ. ಕೂಗನ್ನು ಕೇಳಿದವನಿಗೆ ವ್ಯಂಗ್ಯವು ಕೇಳಿಸಲಿಲ್ಲ.

೨

ವ್ಯಂಗ್ಯವೆಂಬ ಮಾತು ನಮ್ಮನ್ನು ನಮ್ಮ ನೆಲಕ್ಕೆ ಕರೆತರುತ್ತದೆ. ವಾಚ್ಯಾರ್ಥವೊಂದು, ಧ್ವನಿಯೊಂದು ಎಂಬ ವಿವೇಕ ಭಾರತೀಯ ಕಾವ್ಯಮೀಮಾಂಸೆಗೆ ಹೊಸದಲ್ಲ. ಆದರೆ ಹಾಡು ಯಂತ್ರದೊಳಗೆ ಸೇರಿದಾಗ ಈ ವಿವೇಕಕ್ಕೆ ಏನಾಯಿತೆಂಬುದನ್ನು ತಿಳಿಯಬೇಕಾದರೆ ಧ್ವನಿಮುದ್ರಣದ ಚರಿತ್ರೆಯನ್ನು ಸಂಕ್ಷೇಪವಾಗಿಯಾದರೂ ನೋಡಬೇಕು.

ಭಾರತದಲ್ಲಿ ಗ್ರಾಮೋಫೋನ್ ಕಂಪನಿಯ ಮುದ್ರಣಕಾರ್ಯವು ೧೯೦೨ರಲ್ಲಿ ಕಲಕತ್ತೆಯಲ್ಲಿ ಆರಂಭವಾಯಿತು; ಗೌಹರ್ ಜಾನ್ ಅವರ ಕಂಠವು ಆಗ ತಟ್ಟೆಗೆ ಇಳಿಯಿತು. ಅಂದಿನ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು ಮೂರೂವರೆ ನಿಮಿಷ ಮಾತ್ರ. ರಾತ್ರಿಯಿಡೀ ಹರಡಿಕೊಳ್ಳುತ್ತಿದ್ದ ಗಾಯನವು ಆ ಅಳತೆಗೆ ಕುಗ್ಗಬೇಕಾಯಿತು. ಹೀಗಿದ್ದರೂ ತಟ್ಟೆಯು ದೂರದ ಊರುಗಳಿಗೆ ಹೋಗಿ ಗುರುವಿನ ಕೆಲಸವನ್ನೂ ಮಾಡಿತು. ಗದಗಿನ ಸೀಮೆಯವರಿಗೆ ಇದರ ನಿದರ್ಶನ ಮನೆಯಲ್ಲಿಯೇ ಇದೆ. ೧೯೨೨ರಲ್ಲಿ ಗದಗಿನಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯ ಮುದ್ರಿಕೆಯನ್ನು ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ ೧೯೩೩ರಲ್ಲಿ ಮನೆಯನ್ನೇ ಬಿಟ್ಟು ಹೊರಟ ಸಂಗತಿ ಸುಪ್ರಸಿದ್ಧವಾಗಿದೆ. ಮುಂದೆ ಅವರ ಮೊದಲ ಮುದ್ರಿಕೆಯನ್ನು ಎಚ್.ಎಂ.ವಿ. ಕಂಪನಿಯವರು ಹೊರತಂದರು, ಅದು ಕನ್ನಡ ಮತ್ತು ಹಿಂದಿ ಭಕ್ತಿಗೀತೆಗಳದು. ೧೯೫೦ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾಗಿ ಈ ನಾಡಿನ ಕಂಠಗಳಿಗೆ ಇನ್ನೊಂದು ದಾರಿ ತೆರೆಯಿತು. ೧೯೭೮ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ನೀಡಿದ ‘ನಿತ್ಯೋತ್ಸವ’ವು ಬಂದ ಮೇಲೆ, ಕವಿತೆಯನ್ನು ಮನೆಗೆ ಕೊಂಡೊಯ್ದು ಕೇಳುವ ಅಭ್ಯಾಸವು ಕ್ಯಾಸೆಟ್ಟಿನ ಮೂಲಕ ಕನ್ನಡದಲ್ಲಿ ಬಲವಾಯಿತು.

ಇಷ್ಟರಿಂದ ಸ್ಪಷ್ಟವಾಗುವ ಸಂಗತಿ ಯಾವುದೆಂದರೆ, ಮುದ್ರಿಕೆಯು ಹಾಡನ್ನು ದೂರಕ್ಕೆ ಕೊಂಡೊಯ್ಯುತ್ತದೆ. ಆದರೆ ಹಾಡು ಹುಟ್ಟಿದ ಮನೆಯನ್ನು ಕೊಂಡೊಯ್ಯುವುದಿಲ್ಲ. ಶರೀಫರ ಪದಗಳ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜವಾಗಿದೆ.

೩

ಶರೀಫರು ೧೮೧೯ರಲ್ಲಿ ಶಿಶುನಾಳದಲ್ಲಿ ಜನಿಸಿ ೧೮೮೯ರಲ್ಲಿ ಅಲ್ಲಿಯೇ ಕಾಲವಾದರು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಆ ಊರು ೧೯೯೭ರಲ್ಲಿ ಜಿಲ್ಲೆಯು ಒಡೆದ ಮೇಲೆ ಹಾವೇರಿಗೆ ಸೇರಿತು. ಗದಗವೂ ಅದೇ ವರ್ಷ ಬೇರೆ ಜಿಲ್ಲೆಯಾಯಿತು. ಆಡಳಿತದ ಗೆರೆಗಳು ಹೀಗೆ ಬದಲಾದರೂ ಹಿರೇಹಂದಿಗೋಳದ ಸುತ್ತಿನಿಂದ ಮುಳಗುಂದ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಮೇಲೆ ಶಿಶುನಾಳದವರೆಗಿನ ಸೀಮೆಯು ಮಾತಿನಲ್ಲಿಯೂ ಹಾಡಿನಲ್ಲಿಯೂ ಒಂದೇ. ಲಕ್ಷ್ಮೇಶ್ವರವು ಪ್ರಾಚೀನ ಪುಲಿಗೆರೆ. ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಅದೂ ಒಂದು. ಗದಗವು ಕುಮಾರವ್ಯಾಸನ ವೀರನಾರಾಯಣನ ಊರು. ಶಿರಹಟ್ಟಿಯ ಫಕೀರೇಶ್ವರ ಮಠವು ಹಿಂದೂ ಮುಸ್ಲಿಂ ಭಾವೈಕ್ಯದ ಪೀಠವೆಂದು ಪ್ರಸಿದ್ಧವಾಗಿದೆ. ಕಳಸದ ಗೋವಿಂದಭಟ್ಟರು ಮುಸಲ್ಮಾನ ತರುಣನೊಬ್ಬನನ್ನು ಶಿಷ್ಯನಾಗಿ ಸ್ವೀಕರಿಸಿದುದು, ಅದಕ್ಕೆ ಎರಡು ಕಡೆಯ ಸಂಪ್ರದಾಯಸ್ಥರೂ ಮುನಿದುದು, ಆ ಶಿಷ್ಯನು ಶಿವನ ಪದಗಳನ್ನೂ ಮೊಹರಮ್ಮಿನ ರಿವಾಯತ್ ಪದಗಳನ್ನೂ ಒಂದೇ ಬಾಯಿಂದ ಹಾಡಿದುದು, ಇವೆಲ್ಲವೂ ಈ ನೆಲದ ಹಿನ್ನೆಲೆಯಲ್ಲಿ ನೋಡಿದಾಗ ಆಕಸ್ಮಿಕವೆನಿಸುವುದಿಲ್ಲ.

ಶರೀಫರ ಪದಗಳ ಮೇಲ್ಮೈ ಒರಟು. ಒಮ್ಮೊಮ್ಮೆ ಅಪಹಾಸ್ಯದಂತೆಯೂ ತೋರುವುದು. ಪ್ರಸ್ತುತ ನಮಗೆ ಬೇಕಾದ ಎರಡು ಪದಗಳನ್ನೇ ನೋಡಬಹುದು. ಮೊದಲನೆಯದಾದ ಗುಡುಗುಡಿಯ ಪದವು ಕೇಳಿದೊಡನೆ ಧೂಮಪಾನದ ಸ್ತುತಿಯಂತೆ ಇದೆ. ಒಳಹೊಕ್ಕರೆ ಸಂಚಿಯು ಮನಸ್ಸಾಗುತ್ತದೆ. ಕೊಚ್ಚಬೇಕಾದ ಭಂಗಿಯು ಮೋಹವಾಗುತ್ತದೆ. ಹೊರಹೋಗುವುದು ಹೊಗೆಯಲ್ಲ, ಒಡಲಿನೊಳಗೆ ಸೇರಿಕೊಂಡ ಭವರೋಗ. ಸೇದುವವನು ಸೇದುತ್ತ ಸೇದುತ್ತ ತನ್ನನ್ನೇ ಸುಡುತ್ತಾನೆ. ಕುಡುಕನ ಬಾಯಲ್ಲಿ ಹಾಡಿ ಕುಡಿತವನ್ನು ಗೇಲಿ ಮಾಡಿದ ಕ್ಯಾಲಿಫೋರ್ನಿಯದ ಹಾಡಿಗೂ ಇದಕ್ಕೂ ಗುರಿಯಲ್ಲಿ ಅಜಗಜಾಂತರವಿದೆ. ಅಲ್ಲಿರುವುದು ಸಿಟ್ಟು, ಇಲ್ಲಿರುವುದು ಸಾಧನೆ. ಆದರೆ ಕೇಳುಗನನ್ನು ಪರೀಕ್ಷೆಗೆ ಒಡ್ಡುವ ರೀತಿ ಎರಡರಲ್ಲಿಯೂ ಒಂದೇ. ಮೇಲ್ಮೈಯಲ್ಲಿ ನಿಂತವನಿಗೆ ಎರಡೂ ದುಶ್ಚಟದ ಹಾಡುಗಳು.

ಎರಡನೆಯದು ಸೋರುವ ಮಾಳಿಗೆಯ ಪದ. ಮೈಸೂರಿನ ಕಡೆಯ ಓದುಗನಿಗೆ ಮಾಳಿಗೆಯೆಂದರೆ ಮಹಡಿ. ಬಯಲುಸೀಮೆಯ ನಮ್ಮ ಹಳ್ಳಿಗಳಲ್ಲಿ ಮಾಳಿಗೆಯೆಂದರೆ ತೊಲೆಯ ಮೇಲೆ ಜಂತಿ ಜೋಡಿಸಿ, ಅದರ ಮೇಲೆ ಮಣ್ಣು ಹರಡಿ ಬಡಿದ ಮೇಲ್ಮುದ್ದೆ. ಮಳೆಗಾಲಕ್ಕೆ ಮುನ್ನ ಅದರ ಮೇಲೆ ಹತ್ತಿ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕದಿದ್ದರೆ ಮನೆ ಸೋರುವುದು ನಿಶ್ಚಯ. ಪದದಲ್ಲಿ ಬರುವ ಮುರಿದ ತೊಲೆ, ಹುಳು ತಿಂದ ಜಂತಿ, ಸಡಿಲವಾದ ಕೀಲು, ಮೇಲೆ ಬೆಳೆದ ಹುಲ್ಲು, ಕದಡಿದ ಮಣ್ಣು ಇವೊಂದೂ ಅಲಂಕಾರಕ್ಕಾಗಿ ತಂದವಲ್ಲ. ವರ್ಷವರ್ಷವೂ ಕಣ್ಣೆದುರು ನಡೆಯುವ ಸಂಗತಿಗಳು. ಮನೆಯು ದೇಹವೆಂದೂ, ಸೋರುವುದಕ್ಕೆ ಕಾರಣ ಅಜ್ಞಾನವೆಂದೂ, ಕತ್ತಲೆಯಲ್ಲಿ ಮೇಲೇರಿ ರಿಪೇರಿ ಮಾಡುವ ಶಕ್ತಿ ತನಗಿಲ್ಲವೆಂದೂ ಹಾಡುವವನು ಹೇಳುತ್ತಾನೆ. ಇಲ್ಲಿಯವರೆಗಿನ ಅರ್ಥವನ್ನು ಯಾರಾದರೂ ಹೇಳಿಯಾರು.

ಆದರೆ ಪದದಲ್ಲಿ ಇನ್ನೆರಡು ಮರ್ಮಗಳಿವೆ. ನೀರಿನ ಹೊಡೆತಕ್ಕೆ ಮಣ್ಣು ಕರಗಿ ಮನೆಯ ಒಳಗೂ ಹೊರಗೂ ಒಂದಾಯಿತೆಂಬ ಮಾತು ಅದರಲ್ಲಿ ಬರುತ್ತದೆ. ಸಂಸಾರಿಯ ಕಿವಿಗೆ ಅದು ಹಾಳಾದ ಮನೆಯ ದುಃಖ; ಸಾಧಕನ ಕಿವಿಗೆ ಅದು ಒಳಹೊರಗೆಂಬ ಭೇದವು ಅಳಿದ ಸ್ಥಿತಿ. ಎರಡನೆಯದಾಗಿ, ಮನೆಯನ್ನು ಕೆಡವುವ ಹುಬ್ಬಿ ಮಳೆಯು ಕರುಣೆಯಿಂದ ಬಂತೆಂದು ಕವಿ ಹೇಳುತ್ತಾನೆ. ಹುಬ್ಬಿಯೆಂಬುದು ಆಗಸ್ಟಿನ ಕೊನೆಯಿಂದ ಸೆಪ್ಟೆಂಬರಿನ ನಡುವಿನವರೆಗೆ ಬೀಳುವ ಮಳೆನಕ್ಷತ್ರ. ಮೇಲ್ಮುದ್ದೆಯು ಅಷ್ಟರೊಳಗೆ ನೆನೆದು ಸಾಕಾಗಿರುತ್ತದೆ; ಹೊಲವಾದರೋ ಆ ಮಳೆಯನ್ನೇ ಬೇಡುತ್ತಿರುತ್ತದೆ. ಮನೆಗೆ ಮಾರಿಯಾದುದು ಬೆಳೆಗೆ ಕರುಣೆ. ದೇಹವನ್ನು ಕೆಡಿಸುವ ಶಕ್ತಿಯೇ ಜೀವವನ್ನು ಕಾಯುವ ಶಕ್ತಿಯೆಂಬ ಕಠಿನವಾದ ಮಾತನ್ನು ಶರೀಫರು ಒಕ್ಕಲಿಗನ ಪಂಚಾಂಗದಿಂದ ಎತ್ತಿ ತೋರಿಸಿದ್ದಾರೆ.

೪

ಇಂಥ ಪದಗಳಿಗೆ ವಿಮರ್ಶಕರು ಯಾರಾಗಿದ್ದರು? ಉತ್ತರವನ್ನು ಪತ್ರಿಕೆಗಳಲ್ಲಿ ಹುಡುಕಿದರೆ ಸಿಗದು. ಭಜನೆಯ ಮೇಳಗಳಲ್ಲಿ ಹುಡುಕಬೇಕು. ಏಕತಾರಿ, ದಮ್ಮಡಿ, ತಾಳ, ಈಚೆಗೆ ಹಾರ್ಮೋನಿಯಂ ಇವುಗಳೊಡನೆ ಗುಡಿಯಲ್ಲಿಯೋ ಮಠದಲ್ಲಿಯೋ ಕಟ್ಟೆಯ ಮೇಲೆಯೋ ಕುಳಿತು ರಾತ್ರಿ ಹಾಡುವ ಈ ಮೇಳಗಳಲ್ಲಿ ಹಾಡುವವನೂ ಕೇಳುವವನೂ ಬೇರೆ ಬೇರೆಯಲ್ಲ. ಒಬ್ಬನು ನುಡಿಯನ್ನು ಎತ್ತಿಕೊಡುತ್ತಾನೆ. ಉಳಿದವರು ಪಲ್ಲವಿಯನ್ನು ಹಿಡಿಯುತ್ತಾರೆ. ಪದ ಮುಗಿದ ಮೇಲೆ ಹಿರಿಯನೊಬ್ಬನು ಇದರ ಅರ್ಥವೇನೆಂದು ಕೇಳುವುದುಂಟು; ಉತ್ತರ ಬಾರದಿದ್ದರೆ ತಾನೇ ಬಿಡಿಸಿ ಹೇಳುವುದೂ ಉಂಟು. ನುಡಿ ತಪ್ಪಿದರೆ ಅಲ್ಲಿಯೇ ತಿದ್ದುಪಡಿ. ಅರ್ಥಕ್ಕೆ ಪ್ರತಿಯಾಗಿ ಇನ್ನೊಂದು ಪದವನ್ನೇ ಹಾಡಿ ಉತ್ತರ ಕೊಡುವುದು ಇನ್ನೂ ಮೇಲ್ತರಗತಿಯ ವಿಮರ್ಶೆ. ಲಾವಣಿ ಮತ್ತು ಗೀಗಿ ಪದಗಳ ಹರದೇಶಿ ನಾಗೇಶಿ ಮೇಳಗಳಲ್ಲಿ ಈ ಸವಾಲು ಜವಾಬಿನ ಪದ್ಧತಿಯು ಒಂದು ಶಾಸ್ತ್ರವಾಗಿಯೇ ಬೆಳೆದಿದೆ.

ಈ ವಿಮರ್ಶೆಗೆ ಮೂರು ಲಕ್ಷಣಗಳನ್ನು ಹೇಳಬಹುದು. ಅದು ಸ್ಥಳದಲ್ಲಿಯೇ ನಡೆಯುತ್ತದೆ. ಅದು ಹಾಡಿನ ರಾಗವನ್ನೂ ಮಾತನ್ನೂ ಬೇರ್ಪಡಿಸುವುದಿಲ್ಲ. ರಾಗ ಚೆನ್ನಾಗಿದ್ದು ಅರ್ಥ ತಿಳಿಯದವನನ್ನು ಅದು ಒಪ್ಪುವುದಿಲ್ಲ, ಅರ್ಥ ತಿಳಿದೂ ತಾಳ ತಪ್ಪಿದವನನ್ನೂ ಒಪ್ಪುವುದಿಲ್ಲ. ಕೊನೆಯದಾಗಿ, ಅದು ತನ್ನ ತೀರ್ಪನ್ನು ಬರೆದಿಡುವುದಿಲ್ಲ. ಮೊದಲಿನ ಎರಡು ಅದರ ಬಲ. ಮೂರನೆಯದು ಚರಿತ್ರಕಾರನ ಪಾಲಿನ ದುರ್ದೈವ.

೫

ಶರೀಫರ ಪದಗಳು ಈ ಮೇಳಗಳಿಂದ ಸ್ಟುಡಿಯೋದ ಬಾಗಿಲಿಗೆ ಬಂದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಈ ಕಾರ್ಯದಲ್ಲಿ ಸಿ. ಅಶ್ವತ್ಥ್ ಅವರ ಹೆಸರು ಅಗ್ರಗಣ್ಯವಾದುದು. ಅವರ ಎತ್ತರದ ಕಂಠವೂ ಸಮೂಹಗಾನದ ಬಳಕೆಯೂ ಶರೀಫರನ್ನು ದಕ್ಷಿಣದ ನಗರಗಳ ಮನೆಮನೆಗೆ ಮುಟ್ಟಿಸಿದುವು. ಶಿವಮೊಗ್ಗ ಸುಬ್ಬಣ್ಣನವರ ಗಾಯನವೂ ಇದಕ್ಕೆ ನೆರವಾಯಿತು. ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ‘ಸಂತ ಶಿಶುನಾಳ ಶರೀಫ’ ಚಲನಚಿತ್ರವನ್ನು ನಿರ್ದೇಶಿಸಿದರು. ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ಅಭಿನಯಿಸಿದರು, ಸಂಗೀತ ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯದ ಚಿತ್ರಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿಯು ಅದಕ್ಕೆ ದೊರಕಿತು.

ಮುಂದಿನ ಹೆಜ್ಜೆ ರಘು ದೀಕ್ಷಿತರದು. ೧೯೭೪ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ಅವರು ಭರತನಾಟ್ಯವನ್ನೂ ಸೂಕ್ಷ್ಮಜೀವಿಶಾಸ್ತ್ರವನ್ನೂ ಅಭ್ಯಾಸ ಮಾಡಿದವರು. ಮೊದಲು ‘ಅಂತರಾಗ್ನಿ’ ಎಂಬ ತಂಡವನ್ನೂ, ಅನಂತರ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡವನ್ನೂ ಕಟ್ಟಿದರು. ಎರಡನೆಯ ತಂಡದ ಮೊದಲ ಸ್ಟುಡಿಯೋ ಮುದ್ರಿಕೆಯು ೨೦೦೮ರಲ್ಲಿ, ಹಿಂದಿ ಚಲನಚಿತ್ರಗಳ ಸಂಗೀತ ನಿರ್ದೇಶಕರಾದ ವಿಶಾಲ್ ಶೇಖರ್ ಜೋಡಿಯ ಸಂಸ್ಥೆಯಿಂದ ಹೊರಬಂದಿತು. ಹಿಂದಿ, ಇಂಗ್ಲಿಷ್, ಕನ್ನಡ ಮೂರು ಭಾಷೆಗಳ ಹಾಡುಗಳಿದ್ದ ಆ ಮುದ್ರಿಕೆಯಲ್ಲಿ ಗುಡುಗುಡಿಯ ಪದವೂ ಮಾಳಿಗೆಯ ಪದವೂ ಗಿಟಾರು, ಡ್ರಮ್ಮು, ಪಿಟೀಲುಗಳ ಜೊತೆ ಹೊಸ ರೂಪದಲ್ಲಿ ಬಂದುವು. ತಂಡವು ೨೦೧೦ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ೨೦೧೧ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯು ಅದಕ್ಕೆ ಶ್ರೇಷ್ಠ ನವಾಗತ ಪ್ರಶಸ್ತಿಯನ್ನು ನೀಡಿತು. ಶಿಶುನಾಳದ ಬಡ ಶಿಕ್ಷಕನೊಬ್ಬನ ಪದಗಳು ನೂರಿಪ್ಪತ್ತು ವರ್ಷಗಳ ತರುವಾಯ ಲಂಡನ್ನಿನ ವೇದಿಕೆಗೆ ಬಂದ ಈ ಯಾನವು ಸಾಮಾನ್ಯವಾದುದಲ್ಲ.

ಈ ಮುದ್ರಿಕೆಯು ಸ್ವೀಕೃತವಾದ ರೀತಿಯನ್ನು ಈಗ ನೋಡೋಣ. ಇಂಗ್ಲಿಷ್ ಪತ್ರಿಕೆಗಳು ಅದನ್ನು ಜಾನಪದ ರಾಕ್ ಎಂಬ ವರ್ಗಕ್ಕೆ ಸೇ��ಿಸಿದುವು. ಗಾಯಕನ ಕಂಠದ ತುಂಬು, ಕಾಲಿನ ಗೆಜ್ಜೆ, ಉಟ್ಟ ಲುಂಗಿ, ಸಭೆಯನ್ನು ಕುಣಿಸುವ ಉತ್ಸಾಹ ಇವನ್ನು ಕೊಂಡಾಡಿದುವು. ಈ ಹೊಗಳಿಕೆ ಸುಳ್ಳಲ್ಲ. ಕನ್ನಡವನ್ನರಿಯದ ವಿಮರ್ಶಕನು ನಾದವನ್ನು ಕೇಳಿ ನಾದದ ಮಾತನ್ನೇ ಆಡಿದರೆ ಅದು ಅವನ ತಪ್ಪಲ್ಲ. ಮುದ್ರಿಕೆಯನ್ನು ಮಾಡಿದವರನ್ನೂ ದೂರಲಾಗದು. ಮೈಸೂರಿನಲ್ಲಿ ಬೆಳೆದ ಗಾಯಕನು ಮಾಳಿಗೆಯೆಂದು ತಿದ್ದಿಕೊಳ್ಳದೆ ನಮ್ಮ ಕಡೆಯ ‘ಮಾಳಿಗಿ’ ಎಂಬ ರೂಪವನ್ನೇ ಉಳಿಸಿಕೊಂಡಿರುವುದು ಮೂಲದ ಮೇಲಣ ಗೌರವಕ್ಕೆ ಸಾಕ್ಷಿ. ಅನೇಕ ತರುಣರು ಶರೀಫರ ಹೆಸರನ್ನು ಮೊದಲು ಕೇಳಿದುದು ಇಂಥ ಮುದ್ರಿಕೆಗಳಿಂದ ಎಂಬುದನ್ನೂ ಮರೆಯಲಾಗದು.

ಕೊರತೆಯಿರುವುದು ಹಾಡಿನಲ್ಲಲ್ಲ, ನಮ್ಮ ವಿಮರ್ಶೆಯಲ್ಲಿ. ಗುಡುಗುಡಿಯ ಪದದ ಕುಣಿತದ ಲಯವು ಮೋಹವನ್ನು ಸುಡುವ ಅರ್ಥಕ್ಕೆ ಒದಗುತ್ತದೆಯೋ ಅದನ್ನು ಮರೆಸುತ್ತದೆಯೋ? ಮನೆ ಸೋರುವ ದೈನ್ಯವೂ ಮಳೆಯ ಕರುಣೆಯೂ ಒಂದೇ ರಾಗದಲ್ಲಿ ಹಿಡಿಸುತ್ತವೆಯೋ? ಸಿಮೆಂಟಿನ ತಾರಸಿಯ ಕೆಳಗೆ ಬೆಳೆದ ಕೇಳುಗನಿಗೆ ಮೇಲ್ಮುದ್ದೆಯ ಆತಂಕವನ್ನು ನಾದವೊಂದೇ ಮುಟ್ಟಿಸಬಲ್ಲುದೋ? ಭಜನೆಯ ಮೇಳದಲ್ಲಿ ಹಿರಿಯನೊಬ್ಬನು ಕೇಳುತ್ತಿದ್ದಂಥ ಈ ಪ್ರಶ್ನೆಗಳು ಸಾಹಿತ್ಯ ವಿಮರ್ಶೆಯ ಕಣ್ಣಿಗೆ ಸಂಗೀತದವಾಗಿ ಕಂಡುವು. ಸಂಗೀತ ವಿಮರ್ಶೆಯ ಕಣ್ಣಿಗೆ ಸಾಹಿತ್ಯದವಾಗಿ ಕಂಡುವು. ಎರಡರ ನಡುವೆ ಹಾಡು ಸೋರಿಹೋಯಿತು.

೬

ಈಗ ಎರಡು ಪ್ರಸಂಗಗಳನ್ನೂ ಒಟ್ಟಿಗೆ ಇಟ್ಟು ನೋಡಬಹುದು. ಕ್ಯಾಲಿಫೋರ್ನಿಯದ ಅಧಿಕಾರಿಯು ಕೂಗಿಗೆ ಹೆದರಿ ಹಾಡನ್ನು ತಳ್ಳಿದನು. ನಮ್ಮಲ್ಲಿ ಕುಣಿತಕ್ಕೆ ಮನಸೋತು ಹಾಡನ್ನು ಒಪ್ಪಿದೆವು. ಇಬ್ಬರೂ ನಿಂತುದು ಮೇಲ್ಮೈಯಲ್ಲಿಯೇ. ಆದರೆ ಮುಂದೆ ನಡೆದುದರಲ್ಲಿ ಒಂದು ವ್ಯತ್ಯಾಸವಿದೆ. ತಿರಸ್ಕಾರಕ್ಕೆ ಗುರಿಯಾದ ಮುದ್ರಿಕೆಯನ್ನು ಅದರ ಅಭಿಮಾನಿಗಳು ಮತ್ತೆ ಮತ್ತೆ ಕೇಳಿದರು, ಸಮರ್ಥಿಸಿದರು, ಅದರ ಕುರಿತು ಬರೆದರು. ಕೊನೆಗೆ ತೀರ್ಪು ತಿರುಗಿತು. ಹೊಗಳಿಕೆಗೆ ಗುರಿಯಾದುದನ್ನು ಮರುವಿಚಾರಣೆಗೆ ತರುವವರು ಯಾರು? ನಿಂದೆಯು ವಾದವನ್ನು ಹುಟ್ಟಿಸುತ್ತದೆ. ಮೆಚ್ಚಿಕೆಯು ಒಮ್ಮೊಮ್ಮೆ ವಾದದ ಬಾಗಿಲನ್ನೇ ಮುಚ್ಚಿಬಿಡುತ್ತದೆ. ಆದುದರಿಂದ ಅರೆಗಿವಿಯ ಮೆಚ್ಚಿಕೆಯು ಅರೆಗಿವಿಯ ತಿರಸ್ಕಾರಕ್ಕಿಂತ ಹೆಚ್ಚು ಹಾನಿಕರವೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಇನ್ನೊಂದು ಹೋಲಿಕೆಯೂ ವಿಚಾರಾರ್ಹವಾಗಿದೆ. ಬ್ಲ್ಯಾಕ್ ಫ್ಲ್ಯಾಗ್ ತಂಡದ ಹೆಸರು ಹೊದಿಕೆಯ ಮೇಲೆ ಇದ್ದುದರಿಂದ ನ್ಯಾಯಾಲಯದ ಆಜ್ಞೆಯೊಂದು ಅದನ್ನು ಅಳಿಸಬಲ್ಲುದಾಯಿತು. ತತ್ವಪದದ ಕರ್ತೃವಿನ ಗುರುತು ಹೊದಿಕೆಯ ಮೇಲಿಲ್ಲ. ಕೊನೆಯ ನುಡಿಯ ಅಂಕಿತದಲ್ಲಿದೆ. ಶರೀಫರು ಅಲ್ಲಿ ತಮ್ಮ ಹೆಸರನ್ನೂ ಇಡದೆ ಶಿಶುನಾಳದ ಅಧಿದೈವದ ಹೆಸರನ್ನು ಇಟ್ಟಿದ್ದಾರೆ. ಪದವನ್ನು ಪೂರ್ತಿ ಹಾಡಿದ ಹೊರತು ಅದು ಬಾರದು. ಹಾಡಿದರೆ ಅಳಿಸಲು ಬಾರದು. ಮುದ್ರಿಕೆಯ ಅವಧಿಗೆ ಹೊಂದಿಸುವ ಭರದಲ್ಲಿ ನುಡಿಗಳನ್ನು ಬಿಟ್ಟು ಹಾಡುವ ರೂಢಿ ಎಲ್ಲೆಲ್ಲಿ ಬೆಳೆದಿದೆಯೋ ಅಲ್ಲೆಲ್ಲ ಈ ಅಂಕಿತಕ್ಕೆ ಅಪಾಯವಿದೆಯೆಂಬುದನ್ನು ಹಾಡುವವರೂ ಕೇಳುವವರೂ ನೆನೆಯಬೇಕು.

ಕಡೆಗೆ ಕರ್ತವ್ಯದ ಮಾತು. ಮುದ್ರಿಕೆಗಳು ಉಳಿಯುತ್ತವೆ, ಅವುಗಳ ಕುರಿತು ಪತ್ರಿಕೆಗಳು ಬರೆದುದೂ ಉಳಿಯುತ್ತದೆ. ಮೇಳದ ಹಿರಿಯನು ಹೇಳಿದ ಅರ್ಥವು ಅವನೊಡನೆಯೇ ಮಣ್ಣಾಗುತ್ತದೆ. ಮುಂದಿನ ಚರಿತ್ರಕಾರನು ಬರಿಯ ಪತ್ರಿಕೆಗಳನ್ನು ನೋಡಿ, ಶರೀಫರ ಪದಗಳಿಗೆ ವಿಮರ್ಶೆಯು ೨೦೦೮ರ ಸುಮಾರಿಗೆ ಹುಟ್ಟಿತೆಂದು ಬರೆದರೆ ಅವನನ್ನು ತಪ್ಪುಗಾರನೆನ್ನಲು ನಮ್ಮ ಬಳಿ ಯಾವ ಪುರಾವೆ ಇದ್ದೀತು? ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಅನೇಕರು ಈ ಸೀಮೆಯ ಹಳ್ಳಿಗಳಿಂದಲೇ ಬಂದವರು. ಅವರು ರಜೆಯಲ್ಲಿ ಊರಿಗೆ ಹೋದಾಗ ಒಂದು ಪದವನ್ನು ಆರಿಸಿಕೊಂಡು, ಅದರ ನುಡಿಗಳನ್ನು ಹಾಡುವವರ ಬಾಯಲ್ಲಿರುವಂತೆಯೇ ಬರೆದುಕೊಳ್ಳಲಿ. ಪಾಠಭೇದಗಳನ್ನು ತಿದ್ದದೆ ಗುರುತಿಸಲಿ. ಅರ್ಥವನ್ನು ಕೇಳಿ, ಹೇಳಿದವರ ಮಾತಿನಲ್ಲಿಯೇ ದಾಖಲಿಸಲಿ. ಅನಂತರ ಅದೇ ಪದದ ಮುದ್ರಿಕೆಯನ್ನು ಆ ಹಿರಿಯರಿಗೆ ಕೇಳಿಸಿ, ಅವರು ಏನೆನ್ನುವರೆಂಬುದನ್ನೂ ಬರೆದಿಡಲಿ. ಇದಕ್ಕೆ ಹಣವೂ ಬೇಡ, ದೊಡ್ಡ ಯಂತ್ರವೂ ಬೇಡ. ಮಳೆಗಾಲಕ್ಕೆ ಮುನ್ನ ಮಾಳಿಗೆ ಹತ್ತಿ ನೋಡುವಷ್ಟು ಎಚ್ಚರವಿದ್ದರೆ ಸಾಕು.